ಕ್ಯಾರಿಯರ್ ಗೌರಿಯಿಂದಲೇ ಕ್ಲಿಯರ್ ಮರಿಗಳು

ಹೋದ ತಿಂಗಳು ನಮ್ಮ ನಾಯಿ ಗೌರಿಗೆ 6 ಮೊಮ್ಮಕ್ಕಳು. ಕಣ್ಣಿನ ಲೆನ್ಸ್ ಜಾರುವ ಕಾಯಿಲೆ ಇವಳ ವಂಶದಲ್ಲಿದೆ. ಅದರ ಕೆಟ್ಟ ಜೀನ್ ಎರಡಿದ್ದರೆ ಅಫೆಕ್ಟೆಡ್, ಒಂದಿದ್ದರೆ ಕ್ಯಾರಿಯರ್, ಇಲ್ಲದಿದ್ದರೆ ಕ್ಲಿಯರ್. ಅಪ್ಪ, ಅಮ್ಮ ಎರಡೂ ಕ್ಲಿಯರ್, ಹಾಗಾಗಿ ಈ ಸಲ ಜೀನ್ ಟೆಸ್ಟಿನ ಸ್ವಾಬ್ ಖರ್ಚೇ ಇಲ್ಲ. 'ಕ್ಯಾರಿಯರ್ ಹೆಣ್ಣನ್ನ ಯಾಕ್ರೀ ಇಟ್ಕೊಂಡಿದ್ದೀರಾ, ಆಪರೇಷನ್ ಮಾಡಿಸಿಬಿಡಿ' ಎಂದವರೇ ಈಗ ಮರಿ ಕೇಳಿಕೊಂಡು ಫೋನ್ ಮಾಡುತ್ತಿದ್ದಾರೆ.

ಶುರುವಾಗಿದ್ದು ಗೌರಿಯ ತಾಯಿ ಚಿನ್ನುವಿನಿಂದ. ಜ್ಯಾಕ್ ರಸೆಲ್ ತಳಿ, ಆಗ 5 ವರ್ಷ. ಒಂದು ಬೆಳಿಗ್ಗೆ ಎಡಗಣ್ಣು ಕೆಂಪಾಗಿ, ಮುಚ್ಚಿಕೊಂಡೇ ಕೂತಿದ್ದಳು. ಕಣ್ಣು ಬಂದಿದೆ ಅಂತ ಡ್ರಾಪ್ಸ್ ಬರೆದುಕೊಟ್ಟರು. ನಾಲ್ಕು ದಿನ ಹಾಕಿದೆ. ಐದನೇ ದಿನ ಕಣ್ಣಿನ ಮೇಲೆ ನೀಲಿ ಮಬ್ಬು. ಬೇರೆ ಕಡೆ ತೋರಿಸಿದರೆ, 25ರೊಳಗೆ ಇರಬೇಕಾದ ಕಣ್ಣಿನ ಪ್ರೆಷರ್ 50 ದಾಟಿತ್ತು. ಲೆನ್ಸ್ ಹಿಡಿದಿಡುವ ಎಳೆಗಳು ಕಿತ್ತುಹೋಗಿ, ಅದು ಪಾಪೆಯ ಮುಂದೆ ಬಂದು ಕೂತಿತ್ತು. ಆ ಕಣ್ಣು ಹೋಯಿತು. ಏಳು ತಿಂಗಳಿಗೆ ಬಲಗಣ್ಣಿನದೂ ಸರಿಯಿತು. ಅವತ್ತೇ ಓಡಿದ್ದಕ್ಕೆ, ಲೆನ್ಸ್ ತೆಗೆಸಿ ಅಷ್ಟಿಷ್ಟು ನೋಟ ಉಳಿಸಿಕೊಂಡೆವು. ಎಲ್ಲಾ ಸೇರಿ ಮುಕ್ಕಾಲು ಲಕ್ಷದ ಹತ್ತಿರ ಆಯಿತು. ಡ್ರಾಪ್ಸ್ ಲೆಕ್ಕ ನಾನು ಬರೆದಿಡಲಿಲ್ಲ, ಹೆಂಡತಿ ನೋಡಿಬಿಟ್ಟರೆ ಕಷ್ಟ.

ಒಂದು ಮಾತು. ಮನೆಯಲ್ಲಿ ಕಣ್ಣಿನ ಪ್ರೆಷರ್ ಇಳಿಸುವ ಲ್ಯಾಟಾನೊಪ್ರೋಸ್ಟ್ ಡ್ರಾಪ್ಸ್ ಇದೆ ಅಂತ ಸುಮ್ನೆ ಹಾಕಬೇಡಿ. ಅದು ಹಾಕಿದರೆ ನಾಯಿಯ ಪಾಪೆ ಕಿರಿದಾಗುತ್ತೆ. ಲೆನ್ಸ್ ಹಿಂದಕ್ಕೆ ಜಾರಿದ್ದರೆ ಕಿರಿದಾದ ಪಾಪೆ ಅದನ್ನು ಅಲ್ಲೇ ತಡೆಯುತ್ತೆ. ಮುಂದಕ್ಕೆ ಬಂದಿದ್ದರೆ ನೀರು ಹರಿಯುವ ದಾರಿಯೇ ಮುಚ್ಚಿ ಪ್ರೆಷರ್ ಇನ್ನೂ ಏರುತ್ತೆ.

ಈ ಕಾಯಿಲೆಯ ಕೆಟ್ಟ ಬುದ್ಧಿ ನೋಡಿ, ಕಣ್ಣು ಕೈಕೊಡುವಷ್ಟರಲ್ಲಿ ನಾಯಿ ಎರಡು ಸಲ ಮರಿ ಹಾಕಿರುತ್ತೆ. ಚಿನ್ನುವಿನ ಮರಿ ಒಯ್ದವರಿಗೆಲ್ಲ ಫೋನ್ ಮಾಡಿದೆ. ಇಬ್ಬರು ಬೈದರು. ಅವರದು ತಪ್ಪಲ್ಲ.

ತಾಯಿ ಅಫೆಕ್ಟೆಡ್ ಅಂದಮೇಲೆ ಮಗಳು ಕ್ಲಿಯರ್ ಆಗೋಕೆ ಸಾಧ್ಯವೇ ಇಲ್ಲ. ಈ ಕಾಯಿಲೆಯ ಜೀನ್ ನೋಡುವ ಅಡಾಮ್ಟ್ಸ್-17 ಟೆಸ್ಟಿನಲ್ಲಿ ಗೌರಿ ಕ್ಯಾರಿಯರ್ ಅಂತ ಬಂದಾಗ ನಾನಂತೂ ಸಿಹಿ ಹಂಚಿದೆ. ಅವಳ ಮೈಕಟ್ಟು, ಗುಣ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಕ್ಲಿಯರ್ ಗಂಡು ಹುಡುಕಿದೆ. ಎಲ್ಲಿಂದ ತಂದೆ ಅಂತ ಕೇಳಬೇಡಿ, ಅದೊಂದು ನನ್ನ ಹತ್ತಿರವೇ ಇರಲಿ.

ಮೊದಲ ಸಲ 4 ಮರಿ. ಹಾಲು ಕುಡಿಯುತ್ತಿದ್ದಾಗಲೇ ಕೆನ್ನೆಯೊಳಗೆ ಸ್ವಾಬ್ ಉಜ್ಜಿ ಕಳಿಸಿದೆ. ತಾಯಿಯ ಡಿಎನ್‌ಎ ಕೂಡ ಬೆರೆತುಹೋಗಿ ಎರಡು ಸ್ಯಾಂಪಲ್ ಕೆಟ್ಟವು. ಒಂದೊಂದಕ್ಕೆ ನಾಲ್ಕೂವರೆ ಸಾವಿರದಂತೆ ದುಡ್ಡು ನೀರುಪಾಲು. ಈಗ ಮರಿಗಳನ್ನು ತಾಯಿಯಿಂದ ಎರಡು ಗಂಟೆ ದೂರ ಇಟ್ಟು, ಬಾಯಿ ತೊಳೆದೇ ಸ್ವಾಬ್ ತೆಗೆಯುವುದು. ಅರ್ಧದಷ್ಟು ಕ್ಲಿಯರ್ ಬರಬೇಕು ಅನ್ನೋದು ಲೆಕ್ಕ, ಬಂದದ್ದು ಒಂದೇ, ಅದೂ ಗಂಡು. ಗೆಳೆಯರು ನಕ್ಕರು. ಎರಡನೇ ಸಲ 5ರಲ್ಲಿ 3 ಕ್ಲಿಯರ್, ಅದರಲ್ಲಿ ಎರಡು ಹೆಣ್ಣು! ಕ್ಯಾರಿಯರ್ ಮರಿಗಳನ್ನು ರಿಪೋರ್ಟ್ ಸಮೇತ, ಮುಂದೆ ಮರಿ ಮಾಡಿಸಬಾರದು ಅನ್ನುವ ಷರತ್ತಿನ ಮೇಲೆ, ಅರ್ಧ ಬೆಲೆಗೆ ಕೊಟ್ಟೆ. ಅವುಗಳಲ್ಲೂ ಅಪರೂಪಕ್ಕೆ ಲೆನ್ಸ್ ಜಾರುತ್ತೆ, ಅದಕ್ಕೇ ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಅಂತಲೂ ಹೇಳಿ ಕಳಿಸಿದ್ದೇನೆ.

ಈ ನಡುವೆ ಇನ್ನೊಂದು ಹುಚ್ಚು. ಎಳೆ ಸಡಿಲವಾದರೆ ಪಾಪೆಯ ಸುತ್ತಿನ ಬಣ್ಣದ ಪರದೆ ನಡುಗುತ್ತೆ, ಅಲ್ವಾ? ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿಯೋಣ ಅಂತ ಹೊರಟೆ. ಹತ್ತು ನಾಯಿಗಳ ವಿಡಿಯೋ ಮಾಡಿದೆ. ಒಂಬತ್ತರಲ್ಲಿ ನಡುಗಿದ್ದು ನನ್ನ ಕೈ. ಹತ್ತನೆಯದು ನೆರೆಮನೆಯವರ ಗಂಡು, ತಲೆ ತಿರುಗಿಸಿದಾಗಲೆಲ್ಲ ಪರದೆ ತೆಳು ಬಟ್ಟೆಯ ಹಾಗೆ ಅಲುಗುತ್ತಿತ್ತು. ಅವರಿಗೆ ತೋರಿಸಿದೆ. 'ಕಣ್ಣು ಚೆನ್ನಾಗೇ ಇದೆಯಲ್ಲ' ಅಂದರು. ಸ್ವಾಬ್ ಕಿಟ್ ನಾನೇ ಕೊಟ್ಟು ಬಂದಿದ್ದೇನೆ.