ಮಲೆನಾಡಿನ ತೇವದಲ್ಲಿ ಸ್ಲ್ಯಾಬಿಗೆ ಕಾರ್ಬನ್ ಪಟ್ಟಿ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಒಂದು ಕಟ್ಟಡ. ಮೊದಲ ಮಹಡಿ ಫ್ಲ್ಯಾಟ್ ಸ್ಲ್ಯಾಬ್, ಅಂದರೆ ತೊಲೆ ಇಲ್ಲ, ಸ್ಲ್ಯಾಬ್ ನೇರ ಕಂಬಗಳ ಮೇಲೆ ಕೂತಿದೆ. ಆಫೀಸಿಗೆಂದು ಕಟ್ಟಿದ ಮಹಡಿಯಲ್ಲಿ ಅಡಿಕೆ ಮೂಟೆ ಪೇರಿಸಿದ್ದರು, ಕಂಬಗಳ ಸುತ್ತ ಮೇಲ್ಭಾಗ ಬಿರುಕು ಬಿಟ್ಟಿತ್ತು.

ಕೆಳಗಿನಿಂದ ಕಾರ್ಬನ್ ಪಟ್ಟಿ, ಅಂದರೆ ಎಪಾಕ್ಸಿ ಎಂಬ ಅಂಟಿನಿಂದ ಕೂರಿಸಿ ಸ್ಲ್ಯಾಬಿಗೆ ಬಲ ಕೊಡುವ ಕಾರ್ಬನ್ ನಾರಿನ ಬಟ್ಟೆ, ಅಂಟಿಸಿಬಿಡಿ ಅಂದರು ಮಾಲೀಕರು. ಆದರೆ ಕಂಬದ ಹತ್ತಿರ ಎಳೆತ ಬೀಳುವುದು ಸ್ಲ್ಯಾಬಿನ ಮೇಲ್ಮೈಗೆ, ಕಂಬ ಕಂಬಗಳ ನಡುಮಧ್ಯದಲ್ಲಿ ಮಾತ್ರ ಕೆಳಮೈಗೆ. ಹಾಗಾಗಿ ಎರಡೂ ಕಡೆ ಪಟ್ಟಿ ಬೇಕಾಯಿತು. ಕಂಬ ಸ್ಲ್ಯಾಬನ್ನು ತೂತು ಮಾಡಿಕೊಂಡು ಬರುವ ಪಂಚಿಂಗ್ ಶಿಯರ್ ಬೇರೆಯೇ ಕಾಯಿಲೆ, ಅದು ಮುನ್ಸೂಚನೆ ಕೊಡದೆ ಬರುತ್ತದೆ, ಮೇಲೆ ಅಂಟಿಸಿದ ಪಟ್ಟಿ ಅದಕ್ಕೆ ಸ್ವಲ್ಪವೇ ಸಹಾಯ. ಅದಕ್ಕಾಗಿ ಸ್ಕ್ಯಾನರ್‌ನಿಂದ ಕಬ್ಬಿಣ ಎಲ್ಲಿದೆ ನೋಡಿಕೊಂಡು, ಕಂಬದ ಸುತ್ತ ಸ್ಲ್ಯಾಬಿಗೆ ಮೇಲಿಂದ ಕೆಳಗಿನವರೆಗೆ ತೂತು ಹೊಡೆದು ಸ್ಟೀಲ್ ಬೋಲ್ಟ್ ಬಿಗಿದೆವು.

ಪಟ್ಟಿ ಹಾಕುವ ಮೊದಲು ಮೂಟೆ ಖಾಲಿ ಮಾಡಿಸಿ, ಜ್ಯಾಕ್ ಕೊಟ್ಟು ಸ್ಲ್ಯಾಬನ್ನು ಸ್ವಲ್ಪ ಎತ್ತಿದೆವು. ಭಾರ ಇದ್ದಾಗಲೇ ಅಂಟಿಸಿದರೆ ಕಾರ್ಬನ್ ಆಮೇಲೆ ಬರುವ ಭಾರವನ್ನಷ್ಟೇ ಹೊರುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ.

ನಿಜವಾದ ಕಷ್ಟ ತೇವ, ಒದ್ದೆ ಕಾಂಕ್ರೀಟಿಗೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಯೋಚನೆಯೇ ಬೇಡ, ಫೆಬ್ರವರಿಯಲ್ಲೂ ಬೆಳಿಗ್ಗೆ ಮಂಜು ಬಿದ್ದರೆ ಕಾಂಕ್ರೀಟ್ ಬೆವರುತ್ತದೆ. ಮೇಲ್ಮೈ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು. ರಾತ್ರಿ ಪ್ಲಾಸ್ಟಿಕ್ ಹಾಳೆ ಅಂಟಿಸಿಟ್ಟು ಬೆಳಿಗ್ಗೆ ಒಳಗೆ ಹನಿ ಕಂಡರೆ ಆವತ್ತು ರಜಾ, ಕಾಣದಿದ್ದರೂ ಬಿಸಿಲೇರುವವರೆಗೆ ಎಪಾಕ್ಸಿ ಡಬ್ಬಿ ಬಿಚ್ಚಲು ಬಿಡುತ್ತಿರಲಿಲ್ಲ. ಹುಡುಗರಿಗೆ ಬೇಜಾರು, ಏನು ಮಾಡೋದು?

ಗ್ರೈಂಡರ್‌ನಿಂದ ಮೇಲ್ಮೈಯ ಸಿಮೆಂಟ್ ಹಾಲಿನ ದುರ್ಬಲ ಪದರ ಪೂರ್ತಿ ತೆಗೆದು, ಧೂಳು ಹೀರಿ, ಲೋಹದ ಬಿಲ್ಲೆ ಅಂಟಿಸಿ ಎಳೆದು ಪರೀಕ್ಷೆ ಮಾಡಿದೆವು. ಎಳೆತದ ಬಲ ಕನಿಷ್ಠ 1.4 ಎಂಪಿಎ (ಮೆಗಾಪಾಸ್ಕಲ್) ಬರಬೇಕು, ಕಿತ್ತು ಬರುವುದು ಕಾಂಕ್ರೀಟೇ ಆಗಿರಬೇಕು, ಅಂಟಲ್ಲ. ಆಮೇಲಿನದು ಸಲೀಸು: ಪ್ರೈಮರ್, ಪುಟ್ಟಿ, ಎಪಾಕ್ಸಿ, ಬಟ್ಟೆ, ರೋಲರ್. ಗಟ್ಟಿಯಾದ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಎಪಾಕ್ಸಿ ಇಂಜೆಕ್ಟ್ ಮಾಡಿದೆವು.

ಇನ್ನೊಂದು ವಿಷಯ, ಸಾಮಾನ್ಯ ಎಪಾಕ್ಸಿ 60ರಿಂದ 80 ಡಿಗ್ರಿ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಬೆಂಕಿ ಬಿದ್ದರೆ ಪಟ್ಟಿ ಇಲ್ಲವೆಂದೇ ಲೆಕ್ಕ, ಆಗ ಹಳೇ ಸ್ಲ್ಯಾಬ್ ಒಂದೇ ನಿಲ್ಲಬೇಕು. ಅದಕ್ಕೇ ಎಷ್ಟು ಎತ್ತರದವರೆಗೆ ಮೂಟೆ ಪೇರಿಸಬಹುದು ಅಂತ ಗೋಡೆ ಮೇಲೆ ಕೆಂಪು ಗೆರೆ ಎಳೆಸಿದೆ. ಅಡಿಕೆ ಬೇಯಿಸುವ ಒಲೆ ಸ್ಲ್ಯಾಬಿನ ಕೆಳಗಿತ್ತು, ಅದನ್ನೂ ಹೊರಗೆ ಹಾಕಿಸಿದೆ.