ಸ್ಲರಿ ಮೊದಲು, ಗ್ಯಾಸ್ ಆಮೇಲೆ: ಬಯೋಗ್ಯಾಸ್ ವ್ಯಾಪಾರದಲ್ಲಿ ನನ್ನ ಅನುಭವ

ಸಬ್ಸಿಡಿ ಇಲ್ಲದೆ ಬಯೋಗ್ಯಾಸ್ ಪ್ಲಾಂಟ್ ನಿಲ್ಲುವುದಿಲ್ಲ ಅಂತ ಈ ಕೆಲಸದಲ್ಲಿರುವ ಹೆಚ್ಚಿನವರು ನಂಬಿದ್ದಾರೆ. ನನಗೂ ಅದನ್ನೇ ಹೇಳಿದರು. ಸಾಲ ಕೊಟ್ಟವರು ಹೇಳಿದರು, ಡೈಜೆಸ್ಟರ್ (ಕಸ ಕೊಳೆತು ಗ್ಯಾಸ್ ಆಗುವ ಟ್ಯಾಂಕ್) ಕಟ್ಟಿಕೊಟ್ಟವರೂ ಹೇಳಿದರು. ಇವತ್ತು ನನ್ನ ಪ್ಲಾಂಟ್ ದಿನಕ್ಕೆ ಸುಮಾರು ಐದು ಟನ್ ಹಸಿ ಕಸ ನುಂಗುತ್ತದೆ. ಅದರ ದುಡಿಮೆಯಲ್ಲೇ ಸಾಲದ ಕಂತು ಹೋಗುತ್ತದೆ, ಕೆಲಸದವರ ಸಂಬಳ ಹೋಗುತ್ತದೆ, ಮೇಲೆ ಸ್ವಲ್ಪ ಉಳಿಯುತ್ತದೆ. ಈ ಅಳತೆಯ ಪ್ಲಾಂಟ್ ಹೀಗೆ ನಡೆಯುವುದನ್ನು ನಾನು ಬೇರೆ ಕಡೆ ಜಾಸ್ತಿ ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಇಷ್ಟು. ಎಲ್ಲರೂ ಟ್ಯಾಂಕ್ ಕಟ್ಟಿ, ಕಸ ಹುಡುಕಿ, ಗ್ಯಾಸ್ ಬಂದ ಮೇಲೆ ಅದನ್ನು ಯಾರಿಗೆ ಮಾರುವುದು ಅಂತ ಯೋಚಿಸುತ್ತಾರೆ. ಗ್ಯಾಸ್ ತೆಗೆದ ಮೇಲೆ ಉಳಿಯುವ ಸ್ಲರಿ ನೆನಪಾಗುವುದು ಹೊಂಡ ತುಂಬಿದಾಗ. ನಾನು ಮೊದಲು ಸ್ಲರಿ ತೆಗೆದುಕೊಳ್ಳುವ ರೈತರನ್ನು ಹಿಡಿದೆ. ಆಮೇಲೆ ಶಾಖ ಕೊಳ್ಳುವವರನ್ನು, ಆಮೇಲೆ ಕಸ ಕೊಡುವವರನ್ನು. ಟ್ಯಾಂಕಿನ ಕೆಲಸ ಶುರುವಾದದ್ದು ಅದೆಲ್ಲ ಆದ ಮೇಲೆ.

ಸ್ಲರಿಗೆ ಯಾಕೆ ಇಷ್ಟು ಮರ್ಯಾದೆ ಅಂದರೆ ತೂಕದ ಲೆಕ್ಕ ನೋಡಿ. ಒಂದು ಟನ್ ಊಟದ ಕಸದಿಂದ 100 ಘನ ಮೀಟರ್ ಆಸುಪಾಸು ಗ್ಯಾಸ್ ಬರುತ್ತದೆ. ಅಷ್ಟು ಗ್ಯಾಸಿನ ತೂಕ ಸುಮಾರು 120 ಕೆಜಿ. ಉಳಿದದ್ದೆಲ್ಲ ಟ್ಯಾಂಕಿನಿಂದ ಹಾಗೇ ಹೊರಗೆ ಬರುತ್ತದೆ, ಬೆರೆಸಿದ ನೀರೂ ಸೇರಿ. ನನ್ನ ಐದು ಟನ್ ಕಸಕ್ಕೆ ಇನ್ನೊಂದು ಐದು ಟನ್ ದ್ರವ ಬೆರೆಸಬೇಕು. ಅಂದರೆ ದಿನಾ ಒಂಬತ್ತು ಟನ್‌ಗಿಂತ ಜಾಸ್ತಿ ಸ್ಲರಿ, ಭಾನುವಾರವೂ ಬಿಡುವಿಲ್ಲ. ಟ್ಯಾಂಕರಿನಲ್ಲಿ ಅದನ್ನು ದೂರ ಸಾಗಿಸಿದರೆ ಗ್ಯಾಸಿನಲ್ಲಿ ಬಂದ ದುಡ್ಡೆಲ್ಲ ಡೀಸೆಲ್‌ಗೆ ಹೋಗುತ್ತದೆ. ನನಗೆ ಗೊತ್ತಿರುವ ಮೂರ್ನಾಲ್ಕು ಪ್ಲಾಂಟ್‌ಗಳು ಮುಚ್ಚಿದ್ದು ಗ್ಯಾಸ್ ಬರದೆ ಅಲ್ಲ, ಸ್ಲರಿ ಹೊರಗೆ ಹೋಗದೆ.

ಸ್ಕ್ರೂ ಪ್ರೆಸ್ (ಸ್ಲರಿ ಹಿಂಡುವ ಯಂತ್ರ) ಹಾಕಿ ಗಟ್ಟಿ ಭಾಗ ಬೇರೆ ಮಾಡಿದೆ. ಉಳಿದ ತಿಳಿಯನ್ನು ಮತ್ತೆ ಬೆರಕೆಗೆ ತಿರುಗಿಸುತ್ತೇನೆ, ಬೆರೆಸುವ ನೀರಿನಲ್ಲಿ ಅರ್ಧ ಈಗ ಇದೇ. ಹೊರಗೆ ಹೋಗಬೇಕಾದದ್ದು ಏಳು ಟನ್‌ಗೆ ಇಳಿಯಿತು, ನೀರಿನ ಖರ್ಚೂ ಉಳಿಯಿತು. ಪೂರ್ತಿ ತಿರುಗಿಸಬಾರದು, ಅಮೋನಿಯಾ ಏರುತ್ತದೆ. ಲೀಟರಿಗೆ ಮೂರು ಗ್ರಾಂ ದಾಟಿದರೆ ನಾನು ತಿಳಿ ನಿಲ್ಲಿಸಿ ಹೊಸ ನೀರು ಕೊಡುತ್ತೇನೆ.

ರೈತರನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಮೊದಲು ಯಾರೂ ಮುಟ್ಟಲಿಲ್ಲ. ಅರ್ಧ ಹೊಲಕ್ಕೆ ಒಂದು ಬೆಳೆ ಪೂರ್ತಿ ಸುಮ್ನೆ ಕೊಟ್ಟೆ, ನಾನೇ ಸಾಗಿಸಿ ನಾನೇ ಹಾಕಿಸಿದೆ. ಉಳಿದರ್ಧಕ್ಕೆ ಅವರ ಮಾಮೂಲಿ ಗೊಬ್ಬರ. ಬೆಳೆ ಎದ್ದ ಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಕಸದಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲೂ ಹೋಗಿರುವುದಿಲ್ಲ, ಸಾರಜನಕದ ದೊಡ್ಡ ಪಾಲು ಅಮೋನಿಯಂ ಆಗಿ ಬೇರಿಗೆ ಬೇಗ ಸಿಗುತ್ತದೆ. ಆದರೆ ಮೇಲಿಂದ ಎರಚಿದರೆ ಗಾಳಿಗೆ ಹಾರಿಹೋಗುತ್ತದೆ. ಪೈಪ್ ನೆಲಕ್ಕೆ ತಾಗಿಸಿ ಬಿಡಬೇಕು, ಬಿಸಿಲು ಇಳಿದ ಮೇಲೆ ಬಿಟ್ಟರೆ ಇನ್ನೂ ಒಳ್ಳೆಯದು. ಹೊಲದಲ್ಲಿ ಬೆಳೆ ನಿಂತಿರುವಾಗ ಯಾರಿಗೂ ಸ್ಲರಿ ಬೇಡ. ಆ ತಿಂಗಳುಗಳಿಗೆ ಮುಚ್ಚಿದ ದೊಡ್ಡ ಹೊಂಡ ಬೇಕೇ ಬೇಕು. ನನ್ನ ಬಂಡವಾಳದಲ್ಲಿ ಹತ್ತರಲ್ಲಿ ಒಂದು ಪಾಲು ಆ ಹೊಂಡಕ್ಕೇ ಹೋಯಿತು. ಅದನ್ನು ಬಿಟ್ಟುಬಿಡಿ ಅಂತ ಸಲಹೆ ಕೊಟ್ಟವರು ತುಂಬ ಜನ ಇದ್ದರು.

ಇನ್ನು ಗ್ಯಾಸ್. 400 ಘನ ಮೀಟರ್ ಟ್ಯಾಂಕ್, 37 ಡಿಗ್ರಿ, ದಿನಕ್ಕೆ 500 ಘನ ಮೀಟರ್ ಹತ್ತಿರ ಗ್ಯಾಸ್, ಅದರಲ್ಲಿ ಉರಿಯುವ ಮೀಥೇನ್ ನೂರಕ್ಕೆ 60ರ ಸುತ್ತ. ಇದರಲ್ಲಿ ಕರೆಂಟ್ ತೆಗೆಯಿರಿ ಅಂತ ಎಲ್ಲರೂ ಹೇಳಿದರು. ಒಂದು ಘನ ಮೀಟರ್‌ಗೆ ಎರಡು ಯೂನಿಟ್ ಅಂತ ಕಾಗದದ ಮೇಲೆ ಇರುತ್ತದೆ. ಸಣ್ಣ ಎಂಜಿನ್‌ನಲ್ಲಿ ಒಂದೂವರೆ ಸಿಕ್ಕಿದರೆ ಅದೃಷ್ಟ. ಮೊದಲ ವರ್ಷ ಬಾಡಿಗೆಗೆ ಒಂದು ಎಂಜಿನ್ ತಂದು ಓಡಿಸಿದೆ. ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ (ಗಂಧಕದ ಅನಿಲ) ಎಂಜಿನ್ನಿನ ಎಣ್ಣೆಯನ್ನೆಲ್ಲ ಆಮ್ಲ ಮಾಡಿತು, ಬೇರಿಂಗ್ ಹೋಯಿತು. ರಿಪೇರಿ ಮತ್ತು ಎಣ್ಣೆಯ ಖರ್ಚು ಕಳೆದರೆ ಕರೆಂಟ್ ಮಾರಿದ್ದರಲ್ಲಿ ಕೈಗೆ ಉಳಿದದ್ದು ಮೂರರಲ್ಲಿ ಒಂದು ಪಾಲೂ ಇಲ್ಲ. ಜೊತೆಗೆ ಸೋಲಾರ್ ದರ ಇಳಿಯುತ್ತಲೇ ಇದೆ. ಯೂನಿಟ್ ಲೆಕ್ಕದಲ್ಲಿ ಅದರ ಜೊತೆ ಸ್ಪರ್ಧೆಗೆ ಇಳಿದರೆ ನಾವು ಸೋಲುತ್ತೇವೆ.

ಅದೇ ಗ್ಯಾಸನ್ನು ನೇರ ಉರಿಸಿದರೆ ಕತೆ ಬೇರೆ. ಒಂದು ಘನ ಮೀಟರ್ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ, ಅಥವಾ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಡೀಸೆಲ್‌ಗೆ. ಬಾಯ್ಲರ್‌ನಲ್ಲಿ ಅದರ ಶಾಖದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲು ಸಿಗುತ್ತದೆ. ನನ್ನ ಗಿರಾಕಿ ಪ್ಲಾಂಟಿನ ಪಕ್ಕದ ಒಂದು ದೊಡ್ಡ ಲಾಂಡ್ರಿ. ಅವರಿಗೆ ಬೆಳಗಿನಿಂದ ರಾತ್ರಿವರೆಗೆ ಬಿಸಿನೀರು ಬೇಕು. ಪೈಪ್ ನಾನೇ ಹಾಕಿಸಿದೆ, ಬರ್ನರ್ ನಾನೇ ಬದಲಾಯಿಸಿಕೊಟ್ಟೆ, ದರ ಅವರು ಮೊದಲು ಉರಿಸುತ್ತಿದ್ದ ಇಂಧನಕ್ಕಿಂತ ಕಾಲು ಭಾಗ ಕಡಿಮೆ. ಬೇಡ ಅನ್ನಲು ಅವರಿಗೆ ಕಾರಣವೇ ಇರಲಿಲ್ಲ, ಅಲ್ವಾ?

ಗಂಧಕ ತೆಗೆಯಲು ನಾನು ದುಬಾರಿ ಸ್ಕ್ರಬ್ಬರ್ (ಗ್ಯಾಸ್ ತೊಳೆಯುವ ಯಂತ್ರ) ಕೊಳ್ಳಲಿಲ್ಲ. ಗ್ಯಾಸ್ ಇರುವ ಮೇಲ್ಭಾಗಕ್ಕೆ ಅಕ್ವೇರಿಯಂ ಪಂಪಿನಂಥ ಸಣ್ಣ ಪಂಪಿನಿಂದ ಗಾಳಿ ಬಿಡುತ್ತೇನೆ, ಗ್ಯಾಸಿನ ನೂರಕ್ಕೆ ಮೂರು ಪಾಲಿನಷ್ಟು. ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡನ್ನು ಹಳದಿ ಗಂಧಕ ಮಾಡಿ ಗೋಡೆಗೆ ಅಂಟಿಸುತ್ತವೆ. 2500 ಪಿಪಿಎಂ ಇದ್ದದ್ದು 300ರ ಕೆಳಗೆ ಬಂತು. ಬಾಯ್ಲರ್‌ಗೆ ಅಷ್ಟು ಸಾಕು. ಆದರೆ ಗಾಳಿಯ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಇರಲೇಬೇಕು, ಗ್ಯಾಸ್ ನಿಂತಾಗ ಪಂಪ್ ತಾನಾಗಿ ನಿಲ್ಲುವಂತಿರಬೇಕು. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಇದ್ದರೆ ಕಿಡಿಗೆ ಸಿಡಿಯುತ್ತದೆ. ಅಲ್ಲಿ ಹುಡುಗಾಟ ಬೇಡ.

ತುಂಬ ನಷ್ಟ ಆದದ್ದು ಟ್ಯಾಂಕ್ ಹುಳಿಯಾದ ಒಂದು ಪ್ರಕರಣದಲ್ಲಿ. ಒಬ್ಬ ಕಸ ಪೂರೈಕೆದಾರರು ಹೇಳದೆ ಕೇಳದೆ ಮಾಮೂಲಿ ಲೋಡಿನಲ್ಲಿ ಹಣ್ಣಿನ ತಿರುಳು ಬೆರೆಸಿ ಕಳಿಸಿದರು. ಎರಡೇ ದಿನದಲ್ಲಿ ಟ್ಯಾಂಕ್ ನೊರೆ ಕಕ್ಕಿತು. ಪಿಹೆಚ್ ಆರರ ಕೆಳಗೆ ಹೋಯಿತು, ಲಾಂಡ್ರಿಯ ಬರ್ನರ್‌ನಲ್ಲಿ ಉರಿ ನಿಲ್ಲಲಿಲ್ಲ. ಹೆಚ್ಚುಕಡಿಮೆ ಒಂದು ತಿಂಗಳು ಅವರಿಗೆ ನಾನೇ ಎಲ್‌ಪಿಜಿ ತರಿಸಿಕೊಟ್ಟೆ, ದರದ ವ್ಯತ್ಯಾಸ ನನ್ನ ಜೇಬಿನಿಂದ. ಇತ್ತ ಕಸದ ಶುಲ್ಕವೂ (ಕಸ ತೆಗೆದುಕೊಳ್ಳಲು ಅದನ್ನು ಕಳಿಸುವವರು ನನಗೆ ಕೊಡುವ ಹಣ) ನಿಂತಿತ್ತು. ಮೂರು ತಿಂಗಳ ಉಳಿತಾಯ ಅಲ್ಲೇ ಕರಗಿತು. ಸುಣ್ಣ ಹಾಕಿ ಅಂದರು, ಹಾಕಲಿಲ್ಲ. ಸುಣ್ಣ ಕಾರ್ಬನ್ ಡೈಆಕ್ಸೈಡ್ ಹಿಡಿದು ತಳದಲ್ಲಿ ಕಲ್ಲಾಗುತ್ತದೆ. ಫೀಡ್ (ಟ್ಯಾಂಕಿಗೆ ಹಾಕುವ ಕಸ) ಪೂರ್ತಿ ನಿಲ್ಲಿಸಿ, ಸೋಡಿಯಂ ಬೈಕಾರ್ಬನೇಟ್ ಕೊಟ್ಟು, ತಾಜಾ ಸಗಣಿಯ ಸ್ಲರಿ ತುಂಬಿಸಿದೆ. ಟ್ಯಾಂಕ್ ಉಳಿಯಿತು.

ಅಲ್ಲಿಂದ ದಿನಾ ಬೆಳಿಗ್ಗೆ ಟೈಟ್ರೇಶನ್ (ಟ್ಯಾಂಕಿನ ದ್ರವಕ್ಕೆ ಆಮ್ಲ ಹನಿಸಿ ಅಳೆಯುವ ಪರೀಕ್ಷೆ) ಮಾಡುತ್ತೇವೆ, ಪಿಹೆಚ್ 5ರವರೆಗೆ ಒಂದು ಓದು, 4.4ರವರೆಗೆ ಇನ್ನೊಂದು. ಆಮ್ಲ ಮತ್ತು ಕ್ಷಾರದ ಅನುಪಾತ 0.4 ದಾಟಿದರೆ ಆ ದಿನದ ಫೀಡ್ ಅರ್ಧಕ್ಕೆ ಇಳಿಯುತ್ತದೆ, ಲಾರಿ ಬಾಗಿಲಲ್ಲಿ ನಿಂತಿದ್ದರೂ ಸರಿ. ಬರೀ ಪಿಹೆಚ್ ನೋಡಿಕೊಂಡಿದ್ದರೆ ಅದು ಇಳಿಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಊಟದ ಕಸ ಒಂದನ್ನೇ ಕೊಡುವ ಟ್ಯಾಂಕಿನಲ್ಲಿ ಕಾಲ ಕಳೆದಂತೆ ಕೋಬಾಲ್ಟ್, ಸೆಲೆನಿಯಂ, ನಿಕಲ್ ಕಡಿಮೆ ಬೀಳುತ್ತವೆ. ನಾನು ವಾರಕ್ಕೊಮ್ಮೆ ಒಂದು ಮಿಶ್ರಣ ಕೊಡುತ್ತೇನೆ. ಅದರಲ್ಲಿ ಯಾವುದು ಎಷ್ಟು ಅನ್ನುವುದನ್ನು ಕಂಡುಕೊಳ್ಳಲು ನನಗೆ ತುಂಬ ದುಡ್ಡು ಹಿಡಿದಿದೆ. ಅದೊಂದು ನನ್ನ ಹತ್ತಿರವೇ ಇರಲಿ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಗಟ್ಟಿ ಸ್ಲರಿಯಲ್ಲಿ ಕಪ್ಪು ಸೈನಿಕ ನೊಣದ ಹುಳ ಸಾಕಿದೆ. ಹುಳ ಬಡಕಲಾದವು, ತಿನ್ನುವುದನ್ನೆಲ್ಲ ಟ್ಯಾಂಕೇ ತಿಂದಿರುತ್ತದೆ. ತಾಜಾ ಕಸ ಕೊಟ್ಟಾಗ ದಪ್ಪಗಾದವು, ಆದರೆ ನನ್ನ ಗ್ಯಾಸ್ ಕಡಿಮೆಯಾಯಿತು. ಬಿಟ್ಟೆ. ಸಿಲಿಂಡರ್ ತುಂಬಿಸಲೂ ನೋಡಿದೆ. ಎಲ್‌ಪಿಜಿಯಂತೆ ಮೀಥೇನ್ ಮಾಮೂಲಿ ಉಷ್ಣತೆಯಲ್ಲಿ ದ್ರವ ಆಗುವುದಿಲ್ಲ, ಎಷ್ಟು ಒತ್ತಿದರೂ ಆಗುವುದಿಲ್ಲ. 200 ಬಾರ್ ಕಂಪ್ರೆಸರ್, ಶುದ್ಧೀಕರಣ, ಪರೀಕ್ಷೆ ಅಂತ ಸೇರಿಸಿದರೆ ಗಂಟೆಗೆ 20 ಘನ ಮೀಟರ್ ಬರುವ ನನ್ನಂಥವರಿಗೆ ಅದು ಹೊರೆ. ಅದರ ಹತ್ತು ಪಟ್ಟು ದೊಡ್ಡ ಪ್ಲಾಂಟಿನವರು ಯೋಚಿಸಲಿ. ಗೆದ್ದದ್ದು ಗ್ರೀಸ್ ಟ್ರ್ಯಾಪಿನ (ಅಡುಗೆಮನೆಯ ಕೊಳೆನೀರಿನ ಜಿಡ್ಡು ತಡೆಯುವ ತೊಟ್ಟಿ) ಜಿಡ್ಡು. ಅದನ್ನು ತೆಗೆದುಕೊಂಡು ಹೋಗಲು ಜನ ಊಟದ ಕಸಕ್ಕಿಂತ ಜಾಸ್ತಿ ಕೊಡುತ್ತಾರೆ, ಗ್ಯಾಸೂ ಟನ್ನಿಗೆ ಹಲವು ಪಟ್ಟು. ಆದರೆ ಸ್ವಲ್ಪ ಸ್ವಲ್ಪವೇ ಕೊಡಬೇಕು, ಬಿಸಿ ಮಾಡಿ ಕೊಡಬೇಕು. ಇಲ್ಲದಿದ್ದರೆ ಮೇಲೆ ಚಾಪೆಯಂತೆ ಕಟ್ಟುತ್ತದೆ.

ಈಗ ಆದಾಯ ನೂರು ಅಂದುಕೊಂಡರೆ 45 ಕಸದ ಶುಲ್ಕದಿಂದ, 40 ಶಾಖದಿಂದ, 15 ಸ್ಲರಿಯಿಂದ. ಖರ್ಚಿನಲ್ಲಿ ಮೂರರಲ್ಲಿ ಒಂದು ಪಾಲು ಸಾಗಾಟಕ್ಕೇ ಹೋಗುತ್ತದೆ. ಪಂಪು ಮತ್ತು ಚೂರು ಮಾಡುವ ಯಂತ್ರದ ಬ್ಲೇಡಿಗೆ ನಾನು ಮೊದಲು ಇಟ್ಟಿದ್ದ ಹಣದ ಎರಡು ಪಟ್ಟು ಬೇಕಾಯಿತು, ಚಮಚ, ಮೂಳೆ, ಹಗ್ಗ ಬಂದೇ ಬರುತ್ತವೆ. ಕಾರ್ಬನ್ ಕ್ರೆಡಿಟ್ (ಭೂಮಿ ಬಿಸಿ ಮಾಡುವ ಅನಿಲ ತಡೆದದ್ದಕ್ಕೆ ಸಿಗುವ ಹಣ) ಲೆಕ್ಕದಲ್ಲಿ ಸೇರಿಸಿಲ್ಲ. ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 27 ಪಟ್ಟು ಬಿಸಿ ಹಿಡಿಯುತ್ತದೆ, ಹಾಗಾಗಿ ನಾವು ಮಾಡುವ ಕೆಲಸಕ್ಕೆ ಬೆಲೆ ಇದೆ. ಆದರೆ ಐದು ಟನ್ನಿನ ಪ್ಲಾಂಟಿಗೆ ತಪಾಸಣೆಯ ಖರ್ಚೇ ಅದನ್ನು ನುಂಗುತ್ತದೆ.

ಮುಂದೆ ಏನು ಅಂತ ಕೇಳುವವರಿಗೆ ನನ್ನ ಅಂದಾಜು ಹೇಳುತ್ತೇನೆ. ಕಸದ ಶುಲ್ಕ ಹೀಗೇ ಇರುವುದಿಲ್ಲ. ಪ್ಲಾಂಟ್‌ಗಳು ಹೆಚ್ಚಾದಷ್ಟೂ ಕಸಕ್ಕೆ ಕೈ ಚಾಚುವವರು ಹೆಚ್ಚುತ್ತಾರೆ, ಒಂದು ದಿನ ಒಳ್ಳೆಯ ಕಸಕ್ಕೆ ನಾವೇ ದುಡ್ಡು ಕೊಡಬೇಕಾಗಬಹುದು. ಸರ್ಕಾರದ ದರ ನಂಬಿದವರ ಗತಿಯನ್ನೂ ನೋಡಿ. ಜರ್ಮನಿಯಲ್ಲಿ 2000ದ ಕಾನೂನು ಬಯೋಗ್ಯಾಸ್ ಕರೆಂಟಿಗೆ 20 ವರ್ಷ ನಿಗದಿ ದರ ಕೊಟ್ಟಿತು. ಆ ಅವಧಿ ಮುಗಿದ ಹಳೆಯ ಪ್ಲಾಂಟ್‌ಗಳು ಮುಂದುವರಿಯಲು ಹೊಸ ದಾರಿ ಹುಡುಕಬೇಕಾಯಿತು. ಹಾಗಾಗಿ ಕಸದ ಕರಾರು, ಶಾಖದ ಕರಾರು ಎರಡೂ ಸಾಲದ ಅವಧಿಗಿಂತ ಉದ್ದ ಇರಬೇಕು ಅಂತ ನಾನು ಹಟ ಹಿಡಿದೆ. ಶಾಖದ ದರ ಅವರ ಹಳೆಯ ಇಂಧನದ ದರದ ಜೊತೆ ಏರಿ ಇಳಿಯುತ್ತದೆ, ಆದರೆ ಒಂದು ತಳದ ಮಟ್ಟಕ್ಕಿಂತ ಕೆಳಗೆ ಹೋಗುವಂತಿಲ್ಲ. ಕಸದಲ್ಲಿ ಪ್ಲಾಸ್ಟಿಕ್ ಮಿತಿ ಮೀರಿದರೆ ಲೋಡ್ ವಾಪಸ್, ಲಾರಿ ಬಾಡಿಗೆ ಅವರದ್ದೇ. ಹಣ್ಣಿನ ತಿರುಳು ಕಳಿಸುವುದಿದ್ದರೆ ಹಿಂದಿನ ದಿನವೇ ಹೇಳಬೇಕು, ಇದನ್ನು ಆಮೇಲೆ ಸೇರಿಸಿದ್ದು. ಈ ಕಾಗದಗಳಿಗೆಲ್ಲ ಸಹಿ ಬೀಳಲು ಡೈಜೆಸ್ಟರ್ ಕಟ್ಟಿದ್ದಕ್ಕಿಂತ ಜಾಸ್ತಿ ಸಮಯ ಹಿಡಿಯಿತು.