ಮಾರ್ಲಿಯನ್ನು ದಾಟಿದರೆ ಸಿಗುವ ರೆಗೆ: ಕೇಳುತ್ತ ಹೋಗುವುದು ಹೇಗೆ?

ಜಮೈಕಾದ ರೆಗೆ ಸಂಗೀತ ಅಂದ ಕೂಡಲೇ ನಮಗೆಲ್ಲ ಕಣ್ಮುಂದೆ ಬರುವುದು ಒಂದೇ ಮುಖ. ಟೀ-ಶರ್ಟಿನ ಮೇಲೆ, ಬೈಕಿನ ಸ್ಟಿಕ್ಕರಿನಲ್ಲಿ, ಗೋಕರ್ಣದ ಕಡಲತೀರದ ಅಂಗಡಿಗಳಲ್ಲಿ ತೂಗುವ ಬಟ್ಟೆಗಳ ಮೇಲೆ ಜಡೆಗಟ್ಟಿದ ಕೂದಲಿನ ಬಾಬ್ ಮಾರ್ಲಿ. ಆತ ತೀರಿಕೊಂಡದ್ದು 1981ರ ಮೇ 11ರಂದು. ಮೂರು ವರ್ಷದ ಮೇಲೆ ಅವನ ಜನಪ್ರಿಯ ಹಾಡುಗಳನ್ನು ಆರಿಸಿ ‘ಲೆಜೆಂಡ್’ ಎಂಬ ಸಂಕಲನ ತಂದರು. ಬಹಳ ಜನರ ರೆಗೆ ಶುರುವಾಗುವುದೂ ಅಲ್ಲಿಯೇ, ಮುಗಿಯುವುದೂ ಅಲ್ಲಿಯೇ. ನನ್ನದೂ ವರ್ಷಗಟ್ಟಲೆ ಹಾಗೇ ಇತ್ತು.

ಕೆರಿಬಿಯನ್ ಕಡಲಿನ ಜಮೈಕಾ ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕ ದ್ವೀಪ. ಜನಸಂಖ್ಯೆ 30 ಲಕ್ಷದ ಒಳಗೇ. ಅಷ್ಟು ಪುಟ್ಟ ಜಾಗದಿಂದ ಬಂದ ಹಾಡುಗಳ ರಾಶಿ ನೋಡಿದರೆ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ‘ಅತ್ಯುತ್ತಮ 50 ರೆಗೆ ಗಾಯಕರು’ ಎಂಬ ಪಟ್ಟಿ ಹಿಡಿದು ಹೊರಟರೆ ಹತ್ತನೆಯ ಹೆಸರಿಗೇ ಸುಸ್ತು. ಗಾಯಕರ ಹೆಸರಿನ ಹಿಂದೆ ಹೋಗಬೇಡಿ. ಸ್ಟುಡಿಯೊ, ತಾಳದ ಪಟ್ಟು, ರೆಕಾರ್ಡಿನ ಹಿಂಬದಿ, ವಾದ್ಯಗಾರರು ಇವುಗಳ ಹಿಂದೆ ಹೋದರೆ ಹಾಡುಗಳು ತಾವಾಗಿ ಸಿಗುತ್ತವೆ. ಆ ದಾರಿ ಹೀಗಿದೆ.

ಹೆಜ್ಜೆ 1: ಮೊದಲು ಬಾಸ್ ಕಿವಿಗೆ ಬೀಳಲಿ

ಫೋನಿನ ಸ್ಪೀಕರಿನಲ್ಲಿ ರೆಗೆ ಕೇಳಬೇಡಿ. ಈ ಸಂಗೀತದಲ್ಲಿ ರಾಗದ ಅರ್ಧ ಭಾರ ಹೊರುವುದು ಬಾಸ್ ಗಿಟಾರ್. ಪುಟ್ಟ ಸ್ಪೀಕರಿನಿಂದ ಆ ತಗ್ಗು ದನಿ ಹೊರಗೇ ಬರುವುದಿಲ್ಲ. ಉಳಿಯುವುದು ಗಿಟಾರಿನ ಚಕ್-ಚಕ್ ಮಾತ್ರ. ‘ರೆಗೆ ಹಾಡೆಲ್ಲ ಒಂದೇ ಥರ’ ಎನ್ನುವವರಲ್ಲಿ ಅನೇಕರು ಕೇಳಿರುವುದು ಇಷ್ಟನ್ನೇ. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಇನ್ನು ತಾಳ. ಮಾರ್ಲಿಯ 1979ರ ‘ಒನ್ ಡ್ರಾಪ್’ ಹಾಡು ಹಾಕಿಕೊಂಡು ಒಂದು, ಎರಡು, ಮೂರು, ನಾಲ್ಕು ಎಂದು ನಿಧಾನವಾಗಿ ಎಣಿಸಿ. ಗಿಟಾರಿನ ಚುಟುಕು ಪೆಟ್ಟು ಎರಡಕ್ಕೂ ನಾಲ್ಕಕ್ಕೂ ಬೀಳುವಂತೆ ಎಣಿಕೆ ಹೊಂದಿಸಿಕೊಳ್ಳಿ. ಆಗ ದೊಡ್ಡ ಡ್ರಮ್ಮಿನ ‘ಧಬ್’ ಮೂರಕ್ಕೆ ಬೀಳುವುದು ತಿಳಿಯುತ್ತದೆ. ಒಂದರ ಜಾಗದಲ್ಲಿ ಡ್ರಮ್ಮಿನ ಆ ಗುದ್ದೇ ಇಲ್ಲ. ಸಮಕ್ಕೆ ಸರಿಯಾಗಿ ತೊಡೆ ತಟ್ಟಿ ರೂಢಿಯಾದ ನಮ್ಮ ಕೈ ಮೊದಲ ದಿನ ಇಲ್ಲಿ ಎಡವುತ್ತದೆ. ಎರಡು-ಮೂರು ದಿನ ಬಿಡದೆ ತಟ್ಟಿ. ಆ ಖಾಲಿ ಜಾಗವೇ ಹಾಡನ್ನು ತೂಗುತ್ತಿದೆ ಎಂದು ಮೈಗೆ ಗೊತ್ತಾದ ಮೇಲೆ ಕೇಳುವ ರೀತಿಯೇ ಬೇರೆಯಾಗುತ್ತದೆ.

ಹೆಜ್ಜೆ 2: ಮಾರ್ಲಿಯ ಪಕ್ಕದಲ್ಲಿ ನಿಂತವರನ್ನು ನೋಡಿ

ಮಾರ್ಲಿಯನ್ನು ಬಿಟ್ಟು ಓಡಬೇಕಿಲ್ಲ, ಅವನ ಅಕ್ಕಪಕ್ಕ ಕಣ್ಣು ಹಾಯಿಸಿ. ಅವನಿದ್ದ ‘ವೈಲರ್ಸ್’ ತಂಡದ ಪೀಟರ್ ಟಾಶ್ ಮತ್ತು ಬನ್ನಿ ವೈಲರ್ ಇಬ್ಬರೂ ತಂಡ ಬಿಟ್ಟ ಮೇಲೆ 1976ರಲ್ಲಿ ಸ್ವಂತ ಆಲ್ಬಮ್ ತಂದರು. ಟಾಶ್‌ನದು ‘ಲೀಗಲೈಸ್ ಇಟ್’, ಬನ್ನಿಯದು ‘ಬ್ಲ್ಯಾಕ್‌ಹಾರ್ಟ್ ಮ್ಯಾನ್’. ನನ್ನನ್ನು ಕೇಳಿದರೆ ಬನ್ನಿಯದನ್ನು ಮೊದಲು ಕೇಳಿ. ಅಷ್ಟು ಶಾಂತವಾದ, ಒಳಗಿಂದ ಬಂದ ದನಿ ಮಾರ್ಲಿಯಲ್ಲೂ ಅಪರೂಪ. ಮಾರ್ಲಿಯ ಹಿಂದೆ ನಿಂತು ಹಾಡುತ್ತಿದ್ದ ಮೂವರು ಹೆಂಗಸರಲ್ಲಿ ಜೂಡಿ ಮೊವಾಟ್ ಮತ್ತು ಮಾರ್ಸಿಯಾ ಗ್ರಿಫಿತ್ಸ್ ತಮ್ಮದೇ ಹಾಡುಗಳಿಂದ ದೊಡ್ಡ ಹೆಸರು ಮಾಡಿದವರು.

ಮಾರ್ಲಿ ಹುಟ್ಟಿದ್ದು ಸೇಂಟ್ ಆ್ಯನ್ ಎಂಬ ಪ್ರಾಂತ್ಯದಲ್ಲಿ. ಅದೇ ಪ್ರಾಂತ್ಯದ ವಿನ್‌ಸ್ಟನ್ ರಾಡ್ನಿ ಎಂಬ ಯುವಕ ಗುಡ್ಡದ ದಾರಿಯಲ್ಲಿ ಮಾರ್ಲಿಯನ್ನು ಕಂಡು, ಹಾಡಬೇಕೆಂದರೆ ಎಲ್ಲಿಗೆ ಹೋಗಲಿ ಎಂದು ಕೇಳಿದ. ರಾಜಧಾನಿ ಕಿಂಗ್‌ಸ್ಟನ್‌ನ ‘ಸ್ಟುಡಿಯೊ ಒನ್’ಗೆ ಹೋಗು ಎಂದು ಮಾರ್ಲಿ ಹೇಳಿದ. ಹೀಗೆ ಹೋದ ರಾಡ್ನಿಯೇ ‘ಬರ್ನಿಂಗ್ ಸ್ಪಿಯರ್’. ಅವನ 1975ರ ಆಲ್ಬಮ್ ‘ಮಾರ್ಕಸ್ ಗಾರ್ವಿ’. ಕರಿಯರ ಹಕ್ಕು, ಸ್ವಾಭಿಮಾನಕ್ಕಾಗಿ ದುಡಿದ ಗಾರ್ವಿ ಹುಟ್ಟಿದ್ದೂ ಅದೇ ಸೇಂಟ್ ಆ್ಯನ್‌ನಲ್ಲಿ, 1887ರಲ್ಲಿ. ಅವನ ಮಾತನ್ನು ಜನ ಮರೆತುಬಿಟ್ಟರಲ್ಲ ಎಂಬ ಸಂಕಟ ಆ ಆಲ್ಬಮ್ಮಿನ ತುಂಬ ಇದೆ. ಒಂದೇ ಒಂದು ರೆಗೆ ಆಲ್ಬಮ್ ಹೇಳಿ ಎಂದು ಯಾರು ಕೇಳಿದರೂ ನಾನು ಹೇಳುವುದು ಇದನ್ನೇ.

ಹೆಜ್ಜೆ 3: ಸ್ಟುಡಿಯೊ ಹೆಸರು ಹಿಡಿಯಿರಿ

ಜಮೈಕಾದಲ್ಲಿ ಹಾಡಿಗೆ ಗುರುತು ಕೊಡುತ್ತಿದ್ದದ್ದು ಬಹಳ ಮಟ್ಟಿಗೆ ಸ್ಟುಡಿಯೊ ಮತ್ತು ನಿರ್ಮಾಪಕ. ರೆಕಾರ್ಡಿನ ಲೇಬಲ್ ಮೇಲೆ ಸಣ್ಣಕ್ಷರದಲ್ಲಿರುವ ನಿರ್ಮಾಪಕರ ಹೆಸರನ್ನು, ಆ್ಯಪ್‌ಗಳಲ್ಲಾದರೆ ‘ಕ್ರೆಡಿಟ್ಸ್’ ಒತ್ತಿದಾಗ ಬರುವ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಮೂರು ಹೆಸರು ಸಾಕು ಶುರುವಿಗೆ. ಕಾಕ್ಸನ್ ಡಾಡ್‌ನ ಸ್ಟುಡಿಯೊ ಒನ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಶುರುವಾಯಿತು. ಜಮೈಕಾ ಸ್ವತಂತ್ರವಾಗಿ ಇನ್ನೂ ವರ್ಷ ತುಂಬಿತ್ತಷ್ಟೆ. ಆಗ ಓಡುತ್ತಿದ್ದದ್ದು ‘ಸ್ಕಾ’ ಎಂಬ ವೇಗದ ಕುಣಿತದ ಸಂಗೀತ. 1966ರ ಹೊತ್ತಿಗೆ ಅದು ನಿಧಾನವಾಗಿ ‘ರಾಕ್‌ಸ್ಟೆಡಿ’ ಆಯಿತು. ಅದನ್ನು ಕೇಳಲು ಡ್ಯೂಕ್ ರೀಡ್‌ನ ‘ಟ್ರೆಷರ್ ಐಲ್’ ಸ್ಟುಡಿಯೊದ ಹಾಡುಗಳೇ ಬೇಕು: ಆಲ್ಟನ್ ಎಲ್ಲಿಸ್, ‘ಪ್ಯಾರಗಾನ್ಸ್’. ಎರಡೇ ವರ್ಷ ಬಾಳಿದ ಶೈಲಿ, ಆದರೆ ಅಷ್ಟು ಸಿಹಿಯಾದ ಪ್ರೇಮಗೀತೆಗಳು ಆಮೇಲೆ ಅಲ್ಲಿ ಹುಟ್ಟಿದ್ದು ಕಡಿಮೆ. 1968ರಲ್ಲಿ ‘ಟೂಟ್ಸ್ ಆ್ಯಂಡ್ ದ ಮೇಟಲ್ಸ್’ ತಂಡದ ಹಾಡೊಂದರ ಹೆಸರಿನಲ್ಲೇ ‘ರೆಗೆ’ ಎಂಬ ಪದ ಬಂತು, ಶೈಲಿಗೂ ಅದೇ ನಿಂತಿತು.

ಮೂರನೆಯದು ಲೀ ‘ಸ್ಕ್ರ್ಯಾಚ್’ ಪೆರಿಯ ‘ಬ್ಲ್ಯಾಕ್ ಆರ್ಕ್’. 1973ರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಕಟ್ಟಿಕೊಂಡ ಪುಟ್ಟ ಕೋಣೆ. ನಾಲ್ಕೇ ಟ್ರ್ಯಾಕಿನ, ಅಂದರೆ ನಾಲ್ಕೇ ಪದರದಲ್ಲಿ ದನಿ ಹಿಡಿಯುವ ಟೇಪ್ ಯಂತ್ರ. ಒಂದರ ಮೇಲೊಂದು ದನಿ ಪೇರಿಸಿ ಪೇರಿಸಿ, ಸದ್ದು ಮಂಜಿನಲ್ಲಿ ಮುಳುಗಿದ ಹಾಗೆ ಆಗುವವರೆಗೆ ಅವನು ಬಿಡುತ್ತಿರಲಿಲ್ಲ. ‘ಕಾಂಗೋಸ್’ ತಂಡದ 1977ರ ‘ಹಾರ್ಟ್ ಆಫ್ ದ ಕಾಂಗೋಸ್’ ಕೇಳಿ. ಒಬ್ಬನದು ಎತ್ತರದ ಕೀರಲು ದನಿ, ಇನ್ನೊಬ್ಬನದು ನಡುದನಿ, ಅವುಗಳ ಕೆಳಗೆ ನೀರು ತುಳುಕಿದಂಥ ಸದ್ದು, ನಡುವೆ ಎಲ್ಲಿಂದಲೋ ಹಸು ಕೂಗಿದಂತೆ ಒಂದು ‘ಅಂಬಾ’. ಮ್ಯಾಕ್ಸ್ ರೋಮಿಯೊ, ಜೂನಿಯರ್ ಮರ್ವಿನ್ ಕೂಡ ಅದೇ ಕೋಣೆಯಿಂದ ಬಂದವರು.

ಹೆಜ್ಜೆ 4: ‘ರಿಡಿಮ್’ ಹುಡುಕಿ

ಹಳೆಯ ನಾಟಕದ ಹಾಡಿನ ಪುಸ್ತಕ, ಭಜನೆಯ ಪುಸ್ತಕ ತೆರೆದರೆ ಹಾಡಿನ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಬರೆದಿರುತ್ತದೆ. ಒಂದೇ ಮಟ್ಟಿಗೆ ಹತ್ತು ಸಾಹಿತ್ಯ. ಜಮೈಕಾದಲ್ಲೂ ಇಂಥದೇ ರೂಢಿ ಇದೆ, ಅದರ ಹೆಸರು ರಿಡಿಮ್. ಆದರೆ ಇಲ್ಲಿ ಮರಳಿ ಬಳಸುವುದು ಹಾಡಿನ ರಾಗವನ್ನಲ್ಲ. ಬಾಸ್ ಮತ್ತು ಡ್ರಮ್ ಸೇರಿದ ತಳಪಾಯವನ್ನು. ಅದರ ಮೇಲೆ ಬೇರೆ ಗಾಯಕ, ಬೇರೆ ರಾಗ, ಬೇರೆ ಮಾತು. ಪ್ರತಿಯೊಂದು ರಿಡಿಮ್‌ಗೂ ಹೆಸರಿದೆ. ಯೂಟ್ಯೂಬಿನಲ್ಲಿ ಆ ಹೆಸರಿನ ಮುಂದೆ ರಿಡಿಮ್ (riddim) ಎಂದು ಇಂಗ್ಲಿಷಿನಲ್ಲಿ ಬರೆದು ಹುಡುಕಿದರೆ ಹಾಡುಗಳ ಸಾಲೇ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

‘ಸ್ಟಾಲಗ್’ ರಿಡಿಮ್‌ನಿಂದ ಶುರುಮಾಡಿ. ಎಪ್ಪತ್ತರ ದಶಕದಲ್ಲಿ ನಿರ್ಮಾಪಕ ವಿನ್‌ಸ್ಟನ್ ರೈಲಿಗಾಗಿ ಆ್ಯನ್ಸೆಲ್ ಕಾಲಿನ್ಸ್ ನುಡಿಸಿದ ವಾದ್ಯಸಂಗೀತ ಅದು. 1982ರಲ್ಲಿ ಸಿಸ್ಟರ್ ನ್ಯಾನ್ಸಿ ಎಂಬ ಯುವತಿ ಅದರ ಮೇಲೆ ‘ಬ್ಯಾಮ್ ಬ್ಯಾಮ್’ ಹಾಡಿದಳು. ತಾಳದ ಮೇಲೆ ಹೀಗೆ ಮಾತು ಹೆಣೆಯಲು ಹೆಂಗಸರು ಮೈಕ್ ಹಿಡಿಯುವುದೇ ಅಪರೂಪವಾಗಿದ್ದ ಕಾಲ. ಲೋಕದ ಮೂಲೆಮೂಲೆಯಲ್ಲಿ ಆ ಹಾಡು ಬಳಕೆಯಾಯಿತು, ಆಕೆಗೆ ಮಾತ್ರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದರಿಂದ ಹಣ ಬರಲಿಲ್ಲ. ಅಮೆರಿಕಕ್ಕೆ ಹೋಗಿ ಬ್ಯಾಂಕಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದಳು. ಅದೇ ರಿಡಿಮ್ ಮೇಲೆ ಟೆನರ್ ಸಾ ಹಾಡಿದ ‘ರಿಂಗ್ ದ ಅಲಾರ್ಮ್’ ಹಾಕಿ. ಕಾಲ ಕೆಳಗಿನ ನೆಲ ಅದೇ, ಮೇಲೆ ಕಟ್ಟಿದ ಮನೆ ಮಾತ್ರ ಪೂರ್ತಿ ಬೇರೆ.

ಆಮೇಲೆ ‘ಸ್ಲೆಂಗ್ ಟೆಂಗ್’. ಜಪಾನಿನ ಕ್ಯಾಸಿಯೊ ಕಂಪನಿಯ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಬರುತ್ತಿದ್ದ ಸಿದ್ಧ ತಾಳವೊಂದಿತ್ತು. ವೇಯ್ನ್ ಸ್ಮಿತ್ ಅದನ್ನು ನಿರ್ಮಾಪಕ ಕಿಂಗ್ ಜಾಮಿಯ ಬಳಿ ತಂದ. ಜಾಮಿ ಅದರ ವೇಗ ತಗ್ಗಿಸಿ ಹಾಡು ಕೂಡಿಸಿದ. 1985ರ ಫೆಬ್ರುವರಿಯಲ್ಲಿ ಕಿಂಗ್‌ಸ್ಟನ್‌ನ ಒಂದು ‘ಸೌಂಡ್ ಸಿಸ್ಟಮ್’ ಪೈಪೋಟಿಯಲ್ಲಿ, ಅಂದರೆ ದೊಡ್ಡ ಸ್ಪೀಕರುಗಳನ್ನು ಕಟ್ಟಿ ರೆಕಾರ್ಡು ಹಾಕಿ ಜನರನ್ನು ಕುಣಿಸುವ ತಂಡಗಳ ಪೈಪೋಟಿಯಲ್ಲಿ, ಅದನ್ನು ಮೊದಲ ಸಲ ಹಾಕಿದಾಗ ಎದುರಾಳಿಗೆ ಉತ್ತರವೇ ಇರಲಿಲ್ಲ. ಅಲ್ಲಿಂದ ಮುಂದೆ ಜಮೈಕಾದ ಸ್ಟುಡಿಯೊಗಳು ಕಂಪ್ಯೂಟರ್ ತಾಳದ ಕಡೆ ಹೊರಳಿದವು. ಆ ತಾಳವನ್ನು ಕೀಬೋರ್ಡಿಗೆ ಸೇರಿಸಿದ್ದವರು ಓಕುಡಾ ಹಿರೊಕೊ ಎಂಬ ಯುವ ಉದ್ಯೋಗಿ. ಕಾಲೇಜಿನಲ್ಲಿ ಆಕೆ ಪ್ರಬಂಧ ಬರೆದಿದ್ದದ್ದು ರೆಗೆ ಕುರಿತೇ.

ಇಲ್ಲಿಂದ ಮುಂದಿನದು ಕಂಪ್ಯೂಟರ್ ತಾಳದ ಕುಣಿತದ ಹಾಡುಗಳ, ಅಂದರೆ ‘ಡಾನ್ಸ್‌ಹಾಲ್’ ಯುಗ. ತೊಂಬತ್ತರ ದಶಕದ ಕೆಲವು ಹಾಡುಗಳಲ್ಲಿ ಸಲಿಂಗಿಗಳ ಮೇಲೆ ಹಿಂಸೆಗೆ ಕರೆ ಕೊಡುವ ಸಾಲುಗಳಿವೆ. ತಾಳ ಚೆನ್ನಾಗಿದೆ ಎಂದು ಅವನ್ನು ನಾನು ಹಾಕುವುದಿಲ್ಲ. ನೀವೂ ಸಾಹಿತ್ಯ ನೋಡಿಕೊಂಡು ಮುಂದೆ ಹೋಗಿ.

ಹೆಜ್ಜೆ 5: ರೆಕಾರ್ಡಿನ ಹಿಂಬದಿ ಕೇಳಿ

ಅರವತ್ತರ ದಶಕದ ಕೊನೆಯಲ್ಲಿ ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ಒಂದು ಪ್ಲೇಟಿಗೆ ಗಾಯಕರ ದನಿ ಸೇರಿಸುವುದೇ ಮರೆತುಹೋಯಿತಂತೆ. ಹಾಗೇ ಕುಣಿತದ ಜಾಗಕ್ಕೆ ಒಯ್ದು ಹಾಕಿದರೆ, ಖಾಲಿ ಜಾಗದಲ್ಲಿ ಜನರೇ ಹಾಡಿದರು. ಅಂದಿನಿಂದ ರೆಕಾರ್ಡಿನ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ಗಾಯಕರ ದನಿಯಿಲ್ಲದ ಅದರ ‘ವರ್ಷನ್’ ಹಾಕುವ ಪದ್ಧತಿ ಬೆಳೆಯಿತು. ಆ ಹಿಂಬದಿಯಿಂದ ಹುಟ್ಟಿದ್ದು ‘ಡಬ್’.

ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಬಡಾವಣೆ, ಡ್ರಮಿಲಿ ಅವೆನ್ಯೂ, 18ನೆಯ ನಂಬರಿನ ಮನೆ. ಅಲ್ಲಿದ್ದ ಆಸ್ಬರ್ನ್ ರಡ್ಡಕ್ ವಾದ್ಯಗಾರನಲ್ಲ. ಟ್ರಾನ್ಸ್‌ಫಾರ್ಮರ್ ಸುತ್ತುವ, ಆಂಪ್ಲಿಫೈಯರ್ ಕಟ್ಟುವ, ರೇಡಿಯೊ ರಿಪೇರಿ ಮಾಡುವ ಕಸುಬುಗಾರ. ಜನ ಅವನನ್ನು ಕರೆದದ್ದು ಕಿಂಗ್ ಟಬ್ಬಿ ಎಂದು. ಮನೆಯ ಬಚ್ಚಲುಮನೆಯನ್ನೇ ಗಾಯಕರ ಕೋಣೆ ಮಾಡಿದ್ದ. ಬೇರೆಯವರು ಮಾಡಿ ತಂದ ಹಾಡಿನ ಟೇಪನ್ನು ನಾಲ್ಕು ಟ್ರ್ಯಾಕಿನ ಹಳೆಯ ಮಿಕ್ಸಿಂಗ್ ಡೆಸ್ಕಿಗೆ ಹಾಕಿ, ದನಿ ಕಿತ್ತು, ಬಾಸ್ ಉಳಿಸಿ, ಗಿಟಾರನ್ನು ಒಂದು ಕ್ಷಣ ಒಳಗೆ ಬಿಟ್ಟು ಅದರ ಪ್ರತಿಧ್ವನಿಯನ್ನು ದೂರಕ್ಕೆ ಎಸೆಯುತ್ತಿದ್ದ.

ಇದನ್ನು ಅರಿಯಲು ಜೇಕಬ್ ಮಿಲ್ಲರ್‌ನ ‘ಬೇಬಿ ಐ ಲವ್ ಯೂ ಸೋ’ ಮೊದಲು ಕೇಳಿ. ಪಾಪದ ಪ್ರೇಮಗೀತೆ. ತಕ್ಷಣ ಅದರ ಡಬ್ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಹಾಕಿ. ಹಾಡುಗಾರನ ಮಾತು ಅರ್ಧಕ್ಕೇ ತುಂಡಾಗಿ ಗಾಳಿಯಲ್ಲಿ ಕರಗುತ್ತದೆ, ಡ್ರಮ್ಮು ಗುಡುಗಿನಂತೆ ಉರುಳುತ್ತದೆ, ನಡುವೆ ಆಗಸ್ಟಸ್ ಪಾಬ್ಲೊ ಮೆಲೋಡಿಕಾ ಊದುತ್ತಾನೆ. ಮಕ್ಕಳ ಆಟಿಕೆಯಂಥ, ಬಾಯಿಂದ ಊದಿ ನುಡಿಸುವ ಕೀಬೋರ್ಡ್ ಅದು. ಸಿಟ್ಟು, ಒಂಟಿತನ ಎಲ್ಲ ಆ ಹಾಡಿನೊಳಗೇ ಇತ್ತೆಂದು ಆಗ ತಿಳಿಯುತ್ತದೆ. ಟಬ್ಬಿಯನ್ನು 1989ರ ಫೆಬ್ರುವರಿಯಲ್ಲಿ ಅವನ ಮನೆಯ ಹೊರಗೇ ಗುಂಡಿಟ್ಟು ಕೊಂದರು.

‘ವರ್ಷನ್’ ಮೇಲೆ ಮಾತು ಹೆಣೆಯುವವರೂ ಬೆಳೆದರು. ಯು-ರಾಯ್, ಬಿಗ್ ಯೂತ್ ಅಂಥವರು. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದ ಕೂಲ್ ಹರ್ಕ್ 1973ರಲ್ಲಿ ಬ್ರಾಂಕ್ಸ್‌ನಲ್ಲಿ ನಡೆಸಿದ ಪಾರ್ಟಿಯಿಂದ ಹಿಪ್‌ಹಾಪ್ ಶುರುವಾಯಿತು ಎನ್ನುತ್ತಾರೆ. ಸೌಂಡ್ ಸಿಸ್ಟಮ್ ರೂಢಿಯನ್ನು ಅವನು ಜೊತೆಗೇ ಒಯ್ದಿದ್ದ.

ಹೆಜ್ಜೆ 6: ನಾಲ್ಕು ಪದ ಕಲಿಯಿರಿ

ಜಮೈಕಾದ ಆಡುನುಡಿ ಮೊದಮೊದಲು ಅರ್ಥವಾಗದು. ‘ಬ್ಯಾಬಿಲನ್’ ಅಂದರೆ ದಮನಿಸುವ ಅಧಿಕಾರ, ಪೊಲೀಸರು, ಇಡೀ ವ್ಯವಸ್ಥೆ. ‘ಝಯಾನ್’ ಅಂದರೆ ಮರಳಿ ಹೋಗಬೇಕಾದ ಆಫ್ರಿಕಾ. ‘ಜಾ’ ದೇವರು. ‘ಐ ಆ್ಯಂಡ್ ಐ’ ಅಂದರೆ ನಾನು, ನಾವು. ನನ್ನಲ್ಲೂ ನಿನ್ನಲ್ಲೂ ಇರುವವನು ಒಬ್ಬನೇ ಎಂಬ ರಾಸ್ತಫಾರಿ ಪಂಥದವರ ನಂಬಿಕೆ ಆ ಮಾತಿನಲ್ಲಿದೆ. 1930ರಲ್ಲಿ ಇಥಿಯೋಪಿಯಾದ ಚಕ್ರವರ್ತಿಯಾದ ಹೈಲೆ ಸೆಲಾಸಿಯನ್ನು ದೇವರೆಂದು ಕಂಡವರು ಅವರು. ಇಷ್ಟು ತಿಳಿದು ‘ಕಲ್ಚರ್’ ತಂಡದ 1977ರ ‘ಟೂ ಸೆವೆನ್ಸ್ ಕ್ಲ್ಯಾಷ್’ ಕೇಳಿ.

ಒಂದು ಪದ ನಮಗೆ ಮೊದಲೇ ಗೊತ್ತು: ಗಾಂಜಾ. 1845ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಜೊತೆ ಜಮೈಕಾ ಸೇರಿದ ಪದ ಅದು.

ಹೆಜ್ಜೆ 7: ದ್ವೀಪದ ಹೊರಗೆ

ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮಿನ ‘ಸ್ಟೀಲ್ ಪಲ್ಸ್’, ಕವಿ ಲಿಂಟನ್ ಕ್ವೆಸಿ ಜಾನ್ಸನ್, ಜ್ಯಾನೆಟ್ ಕೇ ಹಾಡಿದ 1979ರ ‘ಸಿಲ್ಲಿ ಗೇಮ್ಸ್’. ಐವರಿ ಕೋಸ್ಟಿನಿಂದ ಆಲ್ಫಾ ಬ್ಲಾಂಡಿ, ದಕ್ಷಿಣ ಆಫ್ರಿಕಾದಿಂದ ಲಕ್ಕಿ ಡುಬೆ. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಹುಡುಗ ಅಪಾಚೆ ಇಂಡಿಯನ್ ತೊಂಬತ್ತರ ದಶಕದಲ್ಲಿ ನಮ್ಮಲ್ಲೂ ಮನೆಮಾತಾದ. ಆ ಹೆಸರು ಅವನಿಗೆ ಬಂದದ್ದು ‘ವೈಲ್ಡ್ ಅಪಾಚೆ’ ಎನಿಸಿಕೊಂಡಿದ್ದ ಜಮೈಕಾದ ಸೂಪರ್ ಕ್ಯಾಟ್‌ನಿಂದ. ಆ ಸೂಪರ್ ಕ್ಯಾಟ್‌ನ ಹಿರಿಯರಲ್ಲಿ ಭಾರತೀಯರಿದ್ದಾರೆ. ಈ ಹೆಜ್ಜೆಗೆ ಅವಸರ ಬೇಡ.

ಹೆಜ್ಜೆ 8: ವಾದ್ಯಗಾರರ ಹೆಸರು ಬರೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್ ಇಡಿ. ಇಷ್ಟವಾದ ಪ್ರತಿ ಹಾಡಿಗೂ ಬಾಸ್ ಯಾರು, ಡ್ರಮ್ ಯಾರು, ಊದಿದವರು ಯಾರು ಎಂದು ಬರೆಯಿರಿ. ಸ್ಲೈ ಡನ್‌ಬಾರ್ ಮತ್ತು ರಾಬಿ ಷೇಕ್‌ಸ್ಪಿಯರ್ ಎಂಬ ಡ್ರಮ್-ಬಾಸ್ ಜೋಡಿಯ ಹೆಸರು ಮತ್ತೆ ಮತ್ತೆ ಬರುವುದು ಕಂಡು ಬೆರಗಾಗುತ್ತೀರಿ. ಟ್ರಾಂಬೋನ್, ಟ್ರಂಪೆಟ್, ಸ್ಯಾಕ್ಸೊಫೋನ್ ಹಿಡಿದವರ ಬೆನ್ನು ಹತ್ತಿದರೆ ಕಿಂಗ್‌ಸ್ಟನ್‌ನ ಒಂದೇ ಶಾಲೆಗೆ ಬಂದು ನಿಲ್ಲುತ್ತೀರಿ. ಆಲ್ಫಾ ಬಾಯ್ಸ್ ಸ್ಕೂಲ್: ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ, ಬಡ ಹುಡುಗರ ಆಶ್ರಯಶಾಲೆ. ‘ಸ್ಕಟಲೈಟ್ಸ್’ ತಂಡದ ಡಾನ್ ಡ್ರಮಂಡ್, ಟಾಮಿ ಮೆಕುಕ್, ಜಾನಿ ಮೂರ್, ಲೆಸ್ಟರ್ ಸ್ಟರ್ಲಿಂಗ್ ನಾಲ್ವರೂ ಅಲ್ಲಿ ಕಲಿತವರು. ಮಾರ್ಲಿಯ ಮೊದಲ ದೊಡ್ಡ ಹಾಡು ‘ಸಿಮ್ಮರ್ ಡೌನ್’ಗೆ ನುಡಿಸಿದ್ದೂ ಇದೇ ತಂಡದವರು.

ಆ ಶಾಲೆಯ ಸಿಸ್ಟರ್ ಮೇರಿ ಇಗ್ನೇಷಿಯಸ್ ಡೇವಿಸ್ 1939ರಲ್ಲಿ ಅಲ್ಲಿ ಸೇರಿ 2003ರಲ್ಲಿ ತೀರಿಕೊಳ್ಳುವವರೆಗೂ ಹುಡುಗರಿಗೆ ಸಂಗೀತದ ದಾರಿ ತೋರಿಸಿದವರು. ಸನ್ಯಾಸಿನಿಯ ಉಡುಪಿನಲ್ಲೇ ನಿಂತು, ತಾವೇ ಕೂಡಿಸಿದ್ದ ರೆಕಾರ್ಡುಗಳನ್ನು ಒಂದೊಂದಾಗಿ ಹಾಕಿ ಕೇಳಿಸುತ್ತಿದ್ದರು. ಆಲ್ಫಾದಲ್ಲಿ ಈಗಲೂ ಸಂಗೀತದ ಪಾಠ ನಡೆಯುತ್ತದೆ. ನೋಟ್‌ಬುಕ್ಕಿನ ಮೊದಲ ಸಾಲಿಗೆ ಡ್ರಮಂಡ್‌ನ ‘ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್’ ಇರಲಿ. ಇವತ್ತು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಆ ಟ್ರಾಂಬೋನ್ ಒಂದನ್ನೇ ಹಿಂಬಾಲಿಸಿ.